ಔರಾದ ಬಸ್ಸಿನ ಮುಂದೆ ನಿಂತವನು

ಅಂದು ಬೀದರಿನ ನಮ್ಮ ಕಾಲೇಜಿನ ಎದುರಿಗೆ ಏನು ನಡೆಯಿತೆಂಬುದನ್ನು ನಾನು ಖಚಿತವಾಗಿ ಹೇಳಲಾರೆ. ನಾನು ಅಲ್ಲಿದ್ದೆ, ಅಷ್ಟು ಗೊತ್ತು. ಎಲ್ಲಿ ನಿಂತಿದ್ದೆ ಎಂದು ಯಾರಾದರೂ ಕೇಳಿದರೆ ಮಾತು ತಡವರಿಸುತ್ತದೆ. ಕಣ್ಣು ಮುಚ್ಚಿದರೆ ಒಂದು ಚಿತ್ರ ಬರುತ್ತದೆ: ಔರಾದ ಬಸ್ಸು ನಿಂತಿದೆ, ಅದರ ಮುಂದೆ ನನ್ನ ಖೋಲಿಯ ಗೆಳೆಯ ಎರಡೂ ಕೈ ಅಗಲಿಸಿ ನಿಂತಿದ್ದಾನೆ, ಬಾಯಿ ತೆರೆದಿದೆ, ದನಿ ಕೇಳಿಸುತ್ತಿಲ್ಲ. ಈ ಚಿತ್ರವನ್ನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಸವೆದು ನುಣುಪಾಗಿದೆ. ಅದರಲ್ಲಿ ಕಂಡದ್ದು ಎಷ್ಟು, ಆಮೇಲೆ ಮಂದಿ ಹೇಳಿದ್ದು ಎಷ್ಟು, ನಾನೇ ಕೂಡಿಸಿದ್ದು ಎಷ್ಟು ಎಂದು ಈಗ ಬೇರ್ಪಡಿಸಲು ಹೋದರೆ ದಣಿವಾಗುತ್ತದೆ.

ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದೇನಾದರೂ ಇದ್ದರೆ ಅದು ಸಂಶಯಪಡುವುದು. ಸಾಕ್ಷಿ ಹೇಳಿದವನು ಯಾರು, ಅವನು ಎಲ್ಲಿದ್ದ, ಅವನಿಗೆ ಏನು ಬೇಕಾಗಿತ್ತು ಎಂದು ಕೇಳುವುದು. ಹಳೆಯ ಕಾಲದವರ ಮೇಲೆ ಇದನ್ನು ಪ್ರಯೋಗಿಸುವಾಗ ಹುರುಪಿತ್ತು. ನನ್ನ ಮೇಲೆಯೇ ಪ್ರಯೋಗಿಸಿಕೊಂಡ ಮೇಲೆ ಕೈಯಲ್ಲಿ ಉಳಿದದ್ದು ಸ್ವಲ್ಪ.

ಅದು ಬರದ ಕಾಲ. ಒಂದು ವರ್ಷದ ಬರವಲ್ಲ, ಒಂದರ ಬೆನ್ನಿಗೆ ಒಂದು ಬಂದದ್ದು. ದೀಪಾವಳಿ ಮುಗಿಯುವುದಕ್ಕೂ ಕಾಯದೆ ಔರಾದ ಕಡೆಯ ಹಳ್ಳಿಗಳ ಮಂದಿ ಪುಣೆಗೆ, ಹೈದರಾಬಾದಿಗೆ ಗುಳೆ ಹೊರಡುತ್ತಿದ್ದರು. ನಾನು ಮತ್ತು ಗೆಳೆಯ ಬೀದರಿನ ಚಿದ್ರಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆವು. ನಾನು ಬಿ.ಎಸ್ಸಿ., ಅವನು ಬಿ.ಎ. ಕಾಲೇಜಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು 'ಭಾಲ್ಕಿ'. ಅವನು 'ಡಾಬಕಾ'. ಔರಾದ ತಾಲ್ಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು ಅವನದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬೀದರಿಗೆ ಬಂದರೆ ದಖ್ಖನಿ. ಮೂರರಲ್ಲೂ ಅವನು ಕಡಿಮೆಯೇ ಮಾತಾಡುತ್ತಿದ್ದ.

ನಮ್ಮ ಹೊಟ್ಟೆ ಬಸ್ಸಿನ ಮೇಲೆ ನಿಂತಿತ್ತು. ಊರಿನಲ್ಲಿ ಅವ್ವಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯ, ಶೇಂಗಾ ಹಿಂಡಿ ಇಟ್ಟು, ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಿದ್ದರು. ಡ್ರೈವರನ ಪಕ್ಕದಲ್ಲಿ, ಮುಂದಿನ ಗಾಜಿಗೆ ಒತ್ತಿ ಡಬ್ಬಿಗಳ ಸಾಲು ಬರುತ್ತಿತ್ತು. ನಾವು ಸ್ಟ್ಯಾಂಡಿಗೆ ಹೋಗಿ ನಮ್ಮ ನಮ್ಮ ಅರಿವೆಯ ಗುರುತು ಹಿಡಿದು ಇಳಿಸಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಅಲ್ಲೇ ಇಡಬೇಕು. ಇದಕ್ಕೆ ಟಿಕೆಟ್ಟಿಲ್ಲ, ಕಾಯಿದೆಯಿಲ್ಲ. ಕಂಡಕ್ಟರ್ 'ತರ್ತೇನಿ' ಅಂದರೆ ಬರುತ್ತದೆ. ಹಳ್ಳಿಯಿಂದ ಬಂದು ಖೋಲಿ ಹಿಡಿದು ಓದುವ ಹುಡುಗರೆಲ್ಲ ಹೀಗೇ ಉಣ್ಣುತ್ತಿದ್ದರು. ಡಾಬಕಾನ ಅಪ್ಪ ಅವ್ವ ಪುಣೆಯಲ್ಲಿದ್ದುದರಿಂದ ಅವನ ಡಬ್ಬಿ ಕಟ್ಟುತ್ತಿದ್ದವಳು ಅವನ ಆಯಿ, ಅಪ್ಪನ ತಾಯಿ. ಹಸಿರು ಸೀರೆಯ ತುಂಡಿನಲ್ಲಿ ಆಕೆ ಹಾಕುತ್ತಿದ್ದ ಗಂಟು ಬಿಚ್ಚಲು ಹಲ್ಲು ಬೇಕಾಗುತ್ತಿತ್ತು.

ಆ ವರ್ಷ ಅವನೂ ಅಪ್ಪ ಅವ್ವನ ಹಿಂದೆ ಪುಣೆಗೆ ಹೋಗಿ, ಕಟ್ಟಡದ ಕೆಲಸ ಮಾಡಿ, ಸಂಕ್ರಾಂತಿ ಕಳೆದ ಮೇಲೆ ತಿರುಗಿ ಬಂದಿದ್ದ. ಬಂದಾಗ ಅಂಗೈ ದಡ್ಡುಗಟ್ಟಿತ್ತು, ಹಾಜರಿ ಕಮ್ಮಿಯಾಗಿತ್ತು. ಹಾಜರಿ ಸಾಲದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು ಕಾಲೇಜು ಸಾರಿತು. ಅವನಂಥವರು ಬಹಳ ಮಂದಿ ಇದ್ದರು, ಆದರೆ ಅವನ ಮಾತು ಬೇರೆ. ಅವನ ಅಪ್ಪ ಪುಣೆಗೆ ಹೊರಡುವಾಗಲೇ ಹೇಳಿದ್ದ: ಇದು ಕೊನೆ ವರ್ಷ, ಈ ಸಲ ಪರೀಕ್ಷೆ ಬರೆದರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷ ಅನ್ನುವುದಿಲ್ಲ, ಕೆಲಸಕ್ಕೆ ಬಾ. ಹಾಲ್ ಟಿಕೆಟ್ ಸಿಕ್ಕದಿದ್ದರೆ ಅವನ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವನು ಇದನ್ನು ನನಗೆ ಒಂದೇ ಸಲ ಹೇಳಿದ, ಅದೂ ಚಹಾ ಸೋಸುತ್ತ.

ಹುಡುಗರು ಕಾಲೇಜಿನ ಗೇಟಿನ ಮುಂದೆ ಕೂತರು. ಬರದ ಊರುಗಳಿಂದ ಬಂದವರಿಗೆ ಹಾಜರಿ ಮಾಫಿ ಮಾಡಬೇಕು ಎಂದು ಬೇಡಿಕೆ. ಮುಂದಾಳು ಬೀದರ್ ಪೇಟೆಯ ಹುಡುಗ, ಮಾತಿನ ಮಲ್ಲ. ಎಲ್ಲರೂ ಅವನನ್ನು 'ಲೀಡರ್' ಎನ್ನುತ್ತಿದ್ದರು. ಅವನ ಹಾಜರಿ ಪೂರ್ತಿ ಇತ್ತು. ಆದರೂ ನಮ್ಮವರಿಗಾಗಿ ಬಿಸಿಲಲ್ಲಿ ಕೂತಿದ್ದ, ಅದನ್ನು ಸುಳ್ಳೆನ್ನಲಾರೆ.

ಊರು ಎರಡಾಯಿತು. ಗೇಟಿನ ಎದುರಿನ ಚಹಾದ ಹೋಟೆಲಿನಲ್ಲಿ ಬೆಳಗಿನಿಂದ ಅದೇ ಮಾತು.

"ಓದ್ಲಕ ಬಂದಾವ್ರು ಓದಬೇಕು. ಘೋಷಣಾ ಕೂಗಿದ್ರ ಮಳಿ ಬರ್ತದೇನ್ರಿ?"

"ಓದ್ತಾರ‍್ರಿ, ಪರೀಕ್ಷಾಕ್ಕ ಕೂಡ್ಲಕ ಬಿಡ್ರಿ ಮೊದ್ಲು. ನಿಮ್ಮ ಮಗ ಪಂಖಾದ ಕೆಳಗ ಕುಂತು ಓದ್ತಾನ. ಇವ್ರು ಇಟ್ಟಂಗಿ ಹೊತ್ತು ಬಂದಾರ."

"ಇವತ್ತ ಹಾಜರಿ ಮಾಫ್ ಅಂತಾರ, ನಾಳಿ ಪರೀಕ್ಷಾನೇ ಮಾಫ್ ಅಂತಾರ."

"ನೀವು ಚಹಾ ಕುಡೀರಿ. ಆರ‍್ಲಕತ್ತದ."

ನಾನು ಎರಡೂ ಮಾತಿಗೆ ತಲೆಯಾಡಿಸುತ್ತ ಕೂತಿರುತ್ತಿದ್ದೆ. ಎರಡೂ ನನಗೆ ನಿಜವೆನ್ನಿಸುತ್ತಿದ್ದವು. ಈ ಅಭ್ಯಾಸ ಇನ್ನೂ ಹೋಗಿಲ್ಲ.

ಗೇಟಿನ ಮುಂದೆ ಕೂತರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ಲೀಡರ್ ರಸ್ತಾ ರೋಕೋ ಮಾಡೋಣ ಎಂದ. ಡಾಬಕಾ ಒಂದು ಮಾತು ಕೇಳಿದ: "ಡಬ್ಬಿ ಬಸ್ಸು?" ಎಲ್ಲರೂ ನಕ್ಕರು. ಯಾಕೆಂದರೆ ಅದರ ಯೋಚನೆ ಆಗಿತ್ತು. ಊರೂರಿನ ಡಬ್ಬಿ ಬಸ್ಸುಗಳು ಒಂಬತ್ತರೊಳಗೆ ಸ್ಟ್ಯಾಂಡು ಸೇರುತ್ತವೆ, ನಾವು ಹತ್ತಕ್ಕೆ ರಸ್ತೆಗಿಳಿಯೋಣ, ನಮ್ಮ ರೊಟ್ಟಿ ನಮಗೆ ಬಂದಿರುತ್ತದೆ ಎಂದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಒಳ್ಳೆಯ ವರ್ಷಕ್ಕೆ. ಬರದ ವರ್ಷ ಔರಾದ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಲ್ಲುತ್ತಿತ್ತು. ಗುಳೆ ಹೊರಟವರ ಹಾಸಿಗೆ, ಪಾತ್ರೆ, ಕೋಳಿಬುಟ್ಟಿ ಎಲ್ಲ ಬಸ್ಸಿನ ಟಪ್ಪಿನ ಮೇಲೆ ಏರಬೇಕಲ್ಲ. ಆ ಬಸ್ಸು ತಡವಾಗಿ ಬರುತ್ತಿದ್ದುದನ್ನು ದಿನಾ ನೋಡುತ್ತಿದ್ದವರೇ ನಾವು, ಹಸಿವಿನಲ್ಲಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವರೂ ನಾವೇ. ಆದರೂ ಯೋಜನೆ ಮಾಡುವಾಗ ಹಳೆಯ ವೇಳೆಯನ್ನೇ ಹಿಡಿದೆವು.

ಹೀಗಾಗಿ ಹತ್ತಕ್ಕೆ ರಸ್ತೆಯ ಮೇಲೆ ಕೂತಾಗ ಮೊದಲು ಬಂದು ನಿಂತದ್ದೇ ಔರಾದ ಬಸ್ಸು. ಒಳಗೆ ಪುಣೆಯ ಗಾಡಿ ಹಿಡಿಯಲು ಹೊರಟ ಮಂದಿ. ಮುಂದಿನ ಗಾಜಿನ ಹಿಂದೆ ಔರಾದ ಹುಡುಗರ ಅಷ್ಟೂ ಡಬ್ಬಿ.

ಇಲ್ಲಿಂದ ಮುಂದೆ ನನ್ನ ನೆನಪು ನಂಬಲು ಯೋಗ್ಯವಲ್ಲ.

ಲೀಡರ್ ಬಸ್ಸು ಬಿಡಬಾರದೆಂದ, ಒಂದನ್ನು ಬಿಟ್ಟರೆ ಎಲ್ಲ ಬಿಡಬೇಕಾಗುತ್ತದೆ ಎಂದ. ಇದನ್ನು ಕಿವಿಯಾರೆ ಕೇಳಿದ್ದೇನೆ ಎಂದುಕೊಂಡಿದ್ದೇನೆ. ಒಳಗಿನಿಂದ ಹೆಂಗಸರ ಬೈಗುಳ. ಕೂಸೊಂದರ ಅಳು. ಡಾಬಕಾ ಎದ್ದು ಬಸ್ಸಿನ ಮುಂದೆ ಹೋಗಿ ಕೈ ಅಗಲಿಸಿ ನಿಂತ. ನೂಕಾಟವಾಯಿತು. ಎಲ್ಲಿಂದಲೋ ಕಲ್ಲು ಬಂತು, ಗಾಜು ಒಡೆಯಿತು, ಡ್ರೈವರನ ಹುಬ್ಬು ಹರಿಯಿತು, ಡಬ್ಬಿಗಳು ಉರುಳಿ ಕೆಲವು ಬಿಚ್ಚಿಕೊಂಡವು. ಪೊಲೀಸರು ಬರುವ ಹೊತ್ತಿಗೆ ರಸ್ತೆ ಖಾಲಿ.

ಆ ಸಂಜೆಯಿಂದ ಡಾಬಕಾನ ಬಗ್ಗೆ ಎರಡು ಕಥೆಗಳಾದವು. ಕಂಡಕ್ಟರನ ಪ್ರಕಾರ ಬಸ್ಸು ತಡೆದವನೇ ಅವನು. ಲೀಡರನ ಪ್ರಕಾರ ಅವನು ಬಸ್ಸು ಬಿಡಿಸಲು ಬಂದು ಹೋರಾಟ ಮುರಿದ ದ್ರೋಹಿ. ಪೇಟೆಯವರಿಗೆ ಅವನು ಪುಂಡ, ಹುಡುಗರಿಗೆ ಅವನು ಹೇಡಿ. ಬಸ್ಸಿನ ಗಲಾಟೆಯಲ್ಲಿ ಇದ್ದವರಿಗೆ ಏನಾದರೂ ಆಗಲಿ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಹಾಜರಿಯ ತೊಡಕಿನ ಮೇಲೆ ಈಗ ಇದೂ ಒಂದು.

ನಾನು ಖೋಲಿಗೆ ಬಂದಾಗ ಅವನು ನೀರಿನ ಕೊಡ ನೋಡುತ್ತ ಕೂತಿದ್ದ.

"ಲೇ, ನೀ ತಡಿಲಕ ನಿಂತಿದ್ಯೋ, ಬಿಡಸ್ಲಕ ನಿಂತಿದ್ಯೋ?"

"ಬಿಡಸ್ಲಕ." ಕೊಡಕ್ಕೆ ಮುಚ್ಚಳ ಹಾಕಿ ಅಂದ, "ಹುಡುಗ್ರಿಗಿ ದಾರಿ ಬಿಡ್ರೀ ಅಂತ ಕೈ ಮಾಡ್ದೆ. ಡ್ರೈವರ್ ಗಾಡಿ ಮುಂದ ತಂದ. ಹುಡುಗ್ರು ಎದ್ದಿದ್ದಿಲ್ಲ. ಅದಕ್ಕ ಅವನಿಗೀನೂ ತಡಿ ಅಂದೆ."

ಅಂದರೆ ಎರಡೂ. ನನಗೆ ಆಗ ಇದು ಪೂರಾ ಅರ್ಥವಾಗಲಿಲ್ಲವೋ, ಅಥವಾ ಅವನು ಹೀಗೆ ಹೇಳಿದನೆಂದು ನಾನು ಆಮೇಲೆ ಕಟ್ಟಿಕೊಂಡೆನೋ.

ಮರುದಿನದಿಂದ ಔರಾದ ಬಸ್ಸಿನಲ್ಲಿ ಡಬ್ಬಿ ಬರಲಿಲ್ಲ. ಡ್ರೈವರ್ ಹುಬ್ಬಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದ, ಕಂಡಕ್ಟರ್ ಡಬ್ಬಿ ಮುಟ್ಟುವುದಿಲ್ಲ ಎಂದ. ಅವನನ್ನು ಕೇಳುವ ಹಾಗಿರಲಿಲ್ಲ, ತರುವುದು ಅವನ ಕೆಲಸವೇ ಆಗಿರಲಿಲ್ಲವಲ್ಲ. ಭಾಲ್ಕಿಯ ಬಸ್ಸು ಬರುತ್ತಿತ್ತು. ನಾನು ಅವ್ವನಿಗೆ ಹೇಳಿ ಕಳಿಸಿದೆ, ರೊಟ್ಟಿ ಹೆಚ್ಚಿಗೆ ಬಂದವು. ಜೊತೆಗೆ ಅಪ್ಪನೂ ಬಂದ.

ಅಪ್ಪ ಭಾಲ್ಕಿಯಲ್ಲಿ ಸಾಲಿ ಮಾಸ್ತರ. ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟದವನು, ಬಸವಣ್ಣನ ಮಾತು ಬಿಟ್ಟು ಬೇರೆ ಕಾಯಿದೆ ಗೊತ್ತಿಲ್ಲದವನು. ಖೋಲಿಯ ಹೊಸ್ತಿಲಲ್ಲಿ ಕೂತು, ಡಾಬಕಾ ತಂದುಕೊಟ್ಟ ನೀರು ಕುಡಿದು, ಅವನೆದುರಿಗೇ ಶುರು ಮಾಡಿದ.

"ಓದೋದು ನಿಮ್ಮ ಕಾಯಕ. ಕಾಯಕ ಬಿಟ್ಟು ರಸ್ತಾ ಮ್ಯಾಲೆ ಕುಂತ್ರ ಯಾವ ದೇವ್ರು ಮೆಚ್ತಾನ?"

"ಅವ ಓದ್ಲಕೇ ಕುಂತಾನಪ್ಪಾ. ಹಾಲ್ ಟಿಕೀಟಿಗಿ."

"ಕಲ್ಲು ಹೊಡದ್ರ ಟಿಕೀಟ ಉದುರ್ತಾವೇನು?"

"ಕಲ್ಲ ಅವ ಹೊಡದಿಲ್ಲ."

"ನೀ ಕಂಡಿಯೇನು?"

ನಾನು ಡಬ್ಬಿಯ ಅರಿವೆ ಮಡಿಚತೊಡಗಿದೆ. ಡಾಬಕಾ ಅಪ್ಪನ ಕೈಯಿಂದ ಲೋಟ ತೆಗೆದುಕೊಂಡು, "ಸರ್, ರೊಟ್ಟಿ ಭಾಳ ಚಂದ ಇದ್ವು" ಎಂದ. ಅಪ್ಪ ಎದ್ದ. ಹೋಗುವಾಗ ನನ್ನನ್ನು ಹೊರಗೆ ಕರೆದು, "ಅವನ ಸಂಗಟ ನೀನೂ ಹಾಳಾಗಬ್ಯಾಡ" ಎಂದ. ಮುಂದಿನ ದಿನದ ಡಬ್ಬಿಯಲ್ಲಿ ರೊಟ್ಟಿ ಇನ್ನೂ ಹೆಚ್ಚಿದ್ದವು. ಮನೆಯಲ್ಲಿ ಅವ್ವನಿಗೂ ಅಪ್ಪನಿಗೂ ಈ ವಿಷಯದಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ.

ಆ ರವಿವಾರ ಡಾಬಕಾ ಊರಿಗೆ ಹೋಗುತ್ತೇನೆಂದ. ಆಯಿಗೆ ಸುದ್ದಿ ಮುಟ್ಟುವ ಮೊದಲು ತಾನೇ ಹೇಳಬೇಕು ಎಂದ. ನಾನೂ ಹೋದೆ. ಔರಾದ ಸ್ಟ್ಯಾಂಡಿನಲ್ಲಿ ಇಳಿದರೆ ಆಯಿ ಅಲ್ಲೇ ನಿಂತಿದ್ದಳು. ದಿನಾ ಡಾಬಕಾ ಊರಿನಿಂದ ಬರುವ ಗಾಡಿಯಲ್ಲಿ ಡಬ್ಬಿ ಕೊಟ್ಟು ಕಳಿಸುತ್ತಿದ್ದವಳು, ಡಬ್ಬಿ ತಿರುಗಿ ಬಂದದ್ದು ನೋಡಿ ಕೇಳಲು ತಾನೇ ಬಂದಿದ್ದಳು. ಅವಳಂಥ ಇನ್ನೂ ಕೆಲವು ಹೆಂಗಸರು. ಬೀದರಿಗೆ ಹೊರಡಲಿದ್ದ ಬಸ್ಸಿನ ಬಾಗಿಲಲ್ಲಿ ಅದೇ ಕಂಡಕ್ಟರ್.

"ಗಾಜು ಒಡದವ್ರು ಯಾರಾರ ಇರ್ಲಿ, ರೊಟ್ಟಿ ಏನ್ ಮಾಡ್ಯಾವೋ ಯಪ್ಪಾ?" ಆಯಿ ಕೇಳುತ್ತಿದ್ದಳು.

"ಆಯೀ, ನಮ್ಮ ಡ್ರೈವರಂದು ಹುಬ್ಬ ಹರದದ. ಕಣ್ಣ ಹೋಗ್ತಿತ್ತು. ನಾಕು ವರ್ಷದಿಂದ ನಿಮ್ಮ ಡಬ್ಬಿ ಮಕ್ಕಳಂಗ ಹೊತ್ಕೊಂಡ್ ಹೋಗೀವಿ. ಇದು ಫಲಾ?"

"ನಿನ್ನ ಡ್ರೈವರಗ ದೇವ್ರು ಚಂದ ಇಡ್ಲಿ. ನನ್ನ ಮಮ್ಮಗ ಹೊಟ್ಟಿಗಿ ಏನ್ ತಿನಬೇಕು?"

"ಘೋಷಣಾ ತಿನ್ಲಿ."

ಹೆಂಗಸರಲ್ಲಿ ಕೆಲವರು ನಕ್ಕರು. ಅಷ್ಟರಲ್ಲಿ ಕಂಡಕ್ಟರನ ಕಣ್ಣು ಡಾಬಕಾನ ಮೇಲೆ ಬಿತ್ತು.

"ಇವನೇ! ಇವನೇ ನೋಡ್ರಿ, ಗಾಡಿ ಮುಂದ ಹಿಂಗ್ ಕೈ ಮಾಡಿ ನಿಂತಾವ!"

ಎಲ್ಲರೂ ತಿರುಗಿದರು. ಆಯಿ ಮೊಮ್ಮಗನನ್ನು ನೋಡಿದಳು, ಕಂಡಕ್ಟರನನ್ನು ನೋಡಿದಳು.

"ನಿಂತಿದ್ಯೇನೊ?"

"ನಿಂತಿದ್ದೆ ಆಯಿ."

"ನೋಡ್ರಿ, ಒಪ್ಕೊಂಡ. ನಾ ಏನ್ ಸುಳ್ಳ ಹೇಳ್ತೇನಿ? ಇದೇ ಮಾತು ಪ್ರಿನ್ಸಿಪಾಲ್ ಸಾಹೇಬ್ರ ಮುಂದ ಹೇಳ್ತೇನಿ."

"ಕಾಕಾ, ಗಾಡಿ ಬಿಡಸ್ಲಕ ನಿಂತಿದ್ದೆ."

"ಬಿಡಸಾವ್ರು ಬಾಜೂಕ ನಿಂದರ್ತಾರ ತಮ್ಮಾ, ಮುಂದ ನಿಂದರಂಗಿಲ್ಲ."

ಗಂಟು ಮೂಟೆಯ ಮೇಲೆ ಕೂತಿದ್ದ ಒಬ್ಬ ಮುದುಕ, "ನನ್ನ ಮಗಂದು ಪುಣಾ ಗಾಡಿ ತಪ್ಪಿತ್ತು ಅವತ್ತ. ಎರಡ ದಿನ ಸ್ಟ್ಯಾಂಡಿನ್ಯಾಗ ಮಲಗ್ಯಾರ, ಹೆಂಡ್ತಿ ಮಕ್ಕಳ ಕಟ್ಕೊಂಡು" ಎಂದ. ಅವನ ಪಕ್ಕದವಳು, "ಮತ್ತ ನಮ್ಮ ಹುಡುಗ್ರ ವರ್ಷ ತಪ್ಪಿದ್ರ ಯಾರ ಕೇಳ್ತಾರ?" ಎಂದಳು. "ಅದಕ್ಕ ನನ್ನ ಮಗ ಏನ್ ಮಾಡಬೇಕು?" "ನಿನ್ನ ಮಗನ ಮಕ್ಕಳಿಗೀನೂ ನಾಳಿ ಇದೇ ಕಥಿ ಮುತ್ಯಾ." ಮಾತು ಬಸ್ಸಿನ ಬಾಗಿಲು ಬಿಟ್ಟು ಅವರಿಬ್ಬರಲ್ಲಿ ಹತ್ತಿಕೊಂಡಿತು.

ಆಯಿ ಮಾತ್ರ ಕಂಡಕ್ಟರನನ್ನು ಬಿಡಲಿಲ್ಲ. "ನನ್ನ ಡಬ್ಬಿ ಆ ಗಾಡ್ಯಾಗ ಇತ್ತೇನು?"

"ಇತ್ತು."

"ತನ್ನ ರೊಟ್ಟಿ ತಾನೇ ತಡಿತಾನೇನೋ, ಖೋಡಿ?"

ಕಂಡಕ್ಟರ್ ಬಾಗಿಲ ಮೆಟ್ಟಿಲು ಹತ್ತಿದ. ಆಮೇಲೆ, "ಹುಡುಗ್ರು ತಮ್ಮ ರೊಟ್ಟಿ ತಾವೇ ತಡದಾರ ಆಯಿ. ಎಲ್ಲಾರೂ. ನಾ ಅನ್ಲಕತ್ತಿದ್ದೂ ಅದೇ" ಎಂದು ಸೀಟಿ ಊದಿದ. ಡಬ್ಬಿ ಏರಲಿಲ್ಲ. ಆಯಿ ಅಲ್ಲೇ ಕಟ್ಟೆಯ ಮೇಲೆ ಗಂಟು ಬಿಚ್ಚಿ ನಮ್ಮಿಬ್ಬರಿಗೂ ಹಾಕಿದಳು. ಪುಂಡಿ ಪಲ್ಯ ಇತ್ತು. ಮೊಮ್ಮಗ ಉಣ್ಣುವುದನ್ನು ನೋಡುತ್ತ, "ನಿಮ್ಮಪ್ಪಗ ಹೇಳಬ್ಯಾಡ. ಟಿಕೀಟ ಸಿಗಲಿಲ್ಲಂದ್ರ ನಾನೇ ಹೇಳ್ತೇನಿ" ಎಂದಳು. ಅವನು ಅರ್ಧ ರೊಟ್ಟಿ ಹಾಗೇ ಮಡಿಚಿಟ್ಟ. ಅದು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಮಡಿಚಿಟ್ಟವನು ನಾನೇ ಇರಬಹುದು.

ಕೆಲವು ದಿನಗಳಾದ ಮೇಲೆ ಡಬ್ಬಿಗಳು ಮತ್ತೆ ಬರತೊಡಗಿದವು. ಯಾರು ಹೇಳಿ ಏರಿಸಿದರು ಎಂದು ಗೊತ್ತಾಗಲಿಲ್ಲ. ಔರಾದ ಹೆಂಗಸರು ಡಿಪೋಕ್ಕೆ ಹೋಗಿದ್ದರು ಎಂದು ಒಬ್ಬರು, ಡ್ರೈವರನೇ ತಿರುಗಿ ಬಂದು ಇರಲಿ ಬಿಡು ಎಂದ ಎಂದು ಇನ್ನೊಬ್ಬರು. ಹಾಜರಿಯ ವಿಷಯದಲ್ಲೂ ಹೀಗೇ ಆಯಿತು. ಬರದ ತಾಲ್ಲೂಕಿನವರಿಗೆ ಈ ವರ್ಷ ಸಡಿಲಿಕೆ ಎಂದು ಮೇಲಿನಿಂದ ಆದೇಶ ಬಂತು. ಹೋರಾಟದಿಂದ ಬಂತು ಎಂದು ಹುಡುಗರು ಗುಲಾಲು ಹಾರಿಸಿದರು. ಹೋರಾಟಕ್ಕೆ ಮೊದಲೇ ಹೊರಟಿತ್ತು, ಬಂದು ಮುಟ್ಟುವುದು ತಡವಾಯಿತು ಎಂದು ಮೇಷ್ಟ್ರುಗಳು ಹೇಳಿದರು. ಎಲ್ಲರಿಗೂ ಹಾಲ್ ಟಿಕೆಟ್ ಸಿಕ್ಕಿತು. ಗಲಾಟೆಯಲ್ಲಿ ಗುರುತು ಸಿಕ್ಕವನು ಡಾಬಕಾ ಒಬ್ಬನೇ ಆದ್ದರಿಂದ ಉಳಿದವನೂ ಅವನೊಬ್ಬನೇ.

ಪ್ರಿನ್ಸಿಪಾಲರು ಅವನನ್ನು ವಿಚಾರಣೆಗೆ ಕರೆದರು. ಅವನ ಪರವಾಗಿ ಮಾತಾಡಲು ಸಿಕ್ಕವನು ನಾನೊಬ್ಬ. ಲೀಡರ್ ಬರುತ್ತೇನೆಂದವನು ಬರಲಿಲ್ಲ. ಪ್ರಿನ್ಸಿಪಾಲರು ಕೆಟ್ಟವರಲ್ಲ. ಔರಾದ ಸೀಮೆಯವರೇ, ಒಂದು ಕಾಲಕ್ಕೆ ಡಬ್ಬಿ ರೊಟ್ಟಿ ಉಂಡವರೇ. ದಣಿದಿದ್ದರು. ಮೇಜಿನ ಮೇಲಿನ ಹೂಜಿಯಿಂದ ನೀರು ಬಗ್ಗಿಸಿಕೊಂಡು, ಅರ್ಧ ಕುಡಿದು, ಉಳಿದದ್ದನ್ನು ಮುಚ್ಚಿಟ್ಟರು. ಆ ವರ್ಷ ಎಲ್ಲರಿಗೂ ಬಂದಿದ್ದ ಅಭ್ಯಾಸ ಅದು.

"ನೀ ಕಂಡಿಯೇನಪಾ?"

"ಕಂಡೀನಿ ಸರ್."

"ಅವನ ಮಾರಿ ಯಾ ಕಡಿ ಇತ್ತು? ಬಸ್ಸಿನ ಕಡಿಯೋ, ಹುಡುಗ್ರ ಕಡಿಯೋ?"

"ಹುಡುಗ್ರ ಕಡಿ ಸರ್. ಬಸ್ಸಿಗಿ ಬೆನ್ನು ಮಾಡಿದ್ದ."

"ನೀ ಎಲ್ಲಿದ್ದಿ?"

"ಹುಡುಗ್ರ ಹಿಂದ. ಸ್ಟ್ಯಾಂಡ್ ಕಡಿಂದ ಬರ್ಲಕತ್ತಿದ್ದೆ. ಕೈಯಾಗ ಡಬ್ಬಿ ಇತ್ತು."

ಸುಳ್ಳು ಹೇಳಿದೆನೆಂದು ನನಗೆ ಅನ್ನಿಸುವುದಿಲ್ಲ. ಅವತ್ತು ಹೇಳುವಾಗ ನಾನು ಅದನ್ನು ಕಾಣುತ್ತಿದ್ದೆ. ತೊಂದರೆ ಇರುವುದು ಡಬ್ಬಿಯಲ್ಲಿ. ಭಾಲ್ಕಿಯ ಡಬ್ಬಿ ಹಿಡಿದು ಸ್ಟ್ಯಾಂಡಿನಿಂದ ಬರುತ್ತಿದ್ದೆ ಎಂದರೆ ನಾನು ಪೇಟೆಯ ಕಡೆ ಇದ್ದೆ, ಹುಡುಗರ ಬೆನ್ನ ಹಿಂದೆ, ಆಗ ಅವನ ಮುಖ ನನಗೆ ಕಾಣಬೇಕಾದರೆ ಅವನು ಬಸ್ಸಿಗೆ ಬೆನ್ನು ಕೊಟ್ಟಿರಲೇಬೇಕು. ಆದರೆ ಡಬ್ಬಿ ಹಿಡಿದು ಆ ರಸ್ತೆಯಲ್ಲಿ ದಿನಾ ಬರುತ್ತಿದ್ದೆ. ಆ ಒಂದು ದಿನದ ಕೈಗೆ ಬೇರೆ ದಿನಗಳ ಡಬ್ಬಿ ಬಂದು ಸೇರಿಕೊಂಡಿದ್ದರೆ? ಹೋಟೆಲಿನ ಬಾಗಿಲಿನಿಂದ ನೋಡಿದ್ದರೆ ಗುಂಪು ಅಡ್ಡ ಬಂದು ಮುಖ ಯಾವ ಕಡೆಯೆಂದು ತಿಳಿಯುತ್ತಿರಲಿಲ್ಲ. ಕಂಡಕ್ಟರನೂ ಕಂಡದ್ದನ್ನೇ ಹೇಳಿದ್ದ. ಬಸ್ಸಿನೊಳಗಿನಿಂದ ಅವನಿಗೂ ಮುಖ ಕಂಡಿತ್ತಂತೆ.

"ವಿಚಾರ ಮಾಡ್ತೇವಿ, ಹೋಗ್ರಿ" ಎಂದರು ಪ್ರಿನ್ಸಿಪಾಲರು.

ಒಂದೆರಡು ದಿನಗಳಲ್ಲಿ ಡಾಬಕಾ ಟ್ರಂಕು ತೆಗೆದುಕೊಂಡು ಖೋಲಿ ಬಿಟ್ಟ. ಕಾದು ಕೂತರೆ ತಲೆ ಕೆಡುತ್ತದೆ, ಆಯಿಯ ಹತ್ತಿರ ಇರುತ್ತೇನೆ ಎಂದ. ನನ್ನ ಪರೀಕ್ಷೆಯ ಕೋಣೆ ಬೇರೆ ಕಟ್ಟಡದಲ್ಲಿತ್ತು, ದಿನಗಳೂ ಬೇರೆ. ಆಮೇಲೆ ನಾನು ವಿಜ್ಞಾನ ಬಿಟ್ಟು ಇತಿಹಾಸ ಓದಲು ಗುಲಬರ್ಗಾಕ್ಕೆ ಹೋದೆ. ಅವನಿಗೆ ಟಿಕೆಟ್ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಒಂದು ಕಾರ್ಡು ಬರೆದರೆ ಸಾಕಿತ್ತು. ಎರಡು ಬರೆದೆ. ಉತ್ತರ ಬರಲಿಲ್ಲ. ಗುಳೆ ಹೋದ ಊರಿಗೆ ಬರೆದ ಕಾರ್ಡು ಯಾರ ಕೈ ಸೇರುತ್ತದೆ?

ಆಮೇಲಿನ ವರ್ಷಗಳಲ್ಲಿ ಅವನು ನನಗೆ ಬೇರೆಯವರ ಬಾಯಲ್ಲಿ ಸಿಗತೊಡಗಿದ. ಭಾಲ್ಕಿಯಲ್ಲಿ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ, ಕಾಲೇಜು ಹುಡುಗರ ಗಲಾಟೆಯ ಮಾತು ಬಂದರೆ ಒಬ್ಬರು ಹೇಳುವರು: "ಆ ಡಾಬಕಾದ ಹುಡುಗಂದು ಏನಾಯ್ತು? ಪರೀಕ್ಷಾಕ್ಕ ಕೂಡ್ಲಿಲ್ಲ, ಪುಣಾದಾಗ ಸಿಮಿಟ ಹೊರ್ಲಕತ್ತಾನ. ಲೀಡರ್ ಮಾತ್ರ ಆರಾಮ್ ಅದಾನ." ಔರಾದ ಕಡೆ ಹೋದರೆ ಇನ್ನೊಂದು: "ಹುಡುಗ್ರು ಬಡದಾಡಿದ್ದಕ್ಕ ನಮ್ಮವ್ರಿಗಿ ಟಿಕೀಟ ಸಿಕ್ತು. ಡಾಬಕಾದಾವಗೀನೂ ಸಿಕ್ತು, ಪಾಸೂ ಆದ." ಹೇಳುವವರಲ್ಲಿ ಯಾರೂ ಅವನನ್ನು ಕಂಡವರಲ್ಲ. ನಾನು ಬಾಯಿ ಹಾಕಿದರೆ, "ನೀವು ಅಲ್ಲೇ ಇದ್ದಿರಲ್ರಿ, ಹೇಳ್ರಿ ಮತ್ತ" ಎನ್ನುವರು. ಹೇಳಲು ಹೋದರೆ ನನ್ನ 'ಇರಬಹುದು', 'ಅನ್ನಿಸುತ್ತದೆ'ಗಳಿಗೆ ಅವರ ತಾಳ್ಮೆ ಸಾಲುತ್ತಿರಲಿಲ್ಲ. ಹೋಳಿಗೆ ಬರುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತಿತ್ತು.

ಗುಲಬರ್ಗಾದಲ್ಲಿ, ಆಮೇಲೆ ಕೆಲಸ ಮಾಡಿದ ಊರುಗಳಲ್ಲಿ, ಎಷ್ಟೋ ಧರಣಿಗಳನ್ನು ನೋಡಿದೆ. ಕಾರಣ ಬೇರೆ ಬೇರೆ, ಎದುರಿನ ಹೋಟೆಲಿನ ಮಾತು ಅದೇ. ಯಾವ ಊರಲ್ಲೂ ಬಹಳ ವರ್ಷ ನಿಲ್ಲಲಾರದೆ ಕೊನೆಗೆ ಬೀದರಿಗೇ ಬಂದೆ. ಈಚೆಗೆ ಮತ್ತೆ ಒಂದು ಕಾಲೇಜಿನ ಹುಡುಗರು ಗೇಟಿನ ಮುಂದೆ ಕೂತರು. ಮತ್ತೆ ಊರು ಎರಡಾಯಿತು, ಈ ಸಲ ಮೊಬೈಲಿನಲ್ಲಿ. ನನಗೆ ಪರಿಚಯವೇ ಇಲ್ಲದ ಒಬ್ಬರು ಡಾಬಕಾನ ಕಥೆ ಬರೆದು, ಹೋರಾಟಕ್ಕೆ ಹೋಗಿ ಬಾಳು ಹಾಳು ಮಾಡಿಕೊಂಡವನನ್ನು ನೋಡಿ ಕಲಿಯಿರಿ ಎಂದು ಹುಡುಗರಿಗೆ ಬುದ್ಧಿ ಹೇಳಿದ್ದರು. ಅವರ ಕಥೆಯಲ್ಲಿ ಕಲ್ಲು ಹೊಡೆದವನೂ ಅವನೇ ಆಗಿದ್ದ. ಅಂದು ಹುಡುಕಲು ಹೊರಟೆ. ಮೊದಲೇ ಯಾಕೆ ಹೊರಡಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಸಂಶಯದಲ್ಲಿ ಒಂದು ಸುಖವಿದೆ, ಅದು ಕಾಲಿಗೆ ಕೆಲಸ ಕೊಡುವುದಿಲ್ಲ.

ಬಹಳ ಹುಡುಕಬೇಕಾಗಲಿಲ್ಲ. ಡಾಬಕಾ ಊರಿನಲ್ಲಿ ಕೇಳಿದರೆ, ಪುಣೆಯಿಂದ ಬಂದು ವರ್ಷಗಳಾದವು, ಬೀದರ್ ಹತ್ತಿರದ ಕೊಳಾರದ ಒಂದು ಫ್ಯಾಕ್ಟರಿಯ ಗೋದಾಮು ನೋಡಿಕೊಳ್ಳುತ್ತಾನೆ ಎಂದರು. ಆಯಿ ತೀರಿಹೋಗಿದ್ದಳು. ಕೊಳಾರದ ಗೇಟಿನಲ್ಲಿ ಅವನು ಹೊರಗೆ ಬಂದಾಗ ನಾನು ಗುರುತು ಹಿಡಿಯಲಿಲ್ಲ, ಅವನು ಹಿಡಿದ.

"ಭಾಲ್ಕಿ! ಇನ್ನ ಜೀವಂತ ಅದಿಯೇನು?"

"ನೀ ಪುಣಾದಾಗ ಸಿಮಿಟ ಹೊರ್ಲಕತ್ತಿ ಅಂತ ಸುದ್ದಿ ಅದ."

"ಹೊತ್ತೀನಿ, ಅದೂ ಸುಳ್ಳಲ್ಲ" ಎಂದು ನಕ್ಕ. ಗೇಟಿನ ಹೊರಗಿನ ಅಂಗಡಿಯಲ್ಲಿ ಚಹಾ ಹೇಳಿದ. ಮೊಬೈಲಿನ ಕಥೆ ತೋರಿಸಿದೆ. ಓದಿ ತಿರುಗಿ ಕೊಟ್ಟ. "ಚಂದ ಬರದಾರ. ನಾ ಹಿಂಗ್ ಕಲ್ಲ ಹೊಡದಿದ್ರ ಕ್ರಿಕೆಟ್ಟಿಗಿ ಹೋಗ್ತಿದ್ದೆ."

ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದ ಪ್ರಶ್ನೆ ಕೇಳಿದೆ. "ಖರೇ ಹೇಳು. ಅವತ್ತ ನಿನ್ನ ಮಾರಿ ಯಾ ಕಡಿ ಇತ್ತು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಹುಡುಗ್ರ ಕಡಿ ಅಂತ ನೀನೇ ಹೇಳಿದ್ದಿಯಲ್ಲ ಸಾಹೇಬ್ರ ಮುಂದ? ನೀ ಕಂಡಾವ ಅದಿ ಅಂತ ನಾನೂ ಅದನ್ನೇ ಹಿಡದೀನಿ. ನನಗೇನ್ ನೆಪ್ಪು ಅದಪಾ, ಎರಡೂ ಕಡಿ ತಿರಗ್ಲಕತ್ತಿದ್ದೆ."

ಚಹಾ ಬಂತು. ನಾನು ಅವನ ಕಡೆ ಒಂದು ಲೋಟ ಸರಿಸಿದೆ.

"ಟಿಕೀಟ?"

"ಕೊಟ್ರು. ಪರೀಕ್ಷಾ ಹಿಂದಿನ ದಿನ ಸಾಹೇಬ್ರು ಕರದು ಕೈಯಾಗ ಇಟ್ರು. ಒಂದ ಮಾತ ಆಡ್ಲಿಲ್ಲ."

"ಯಾಕ ಕೊಟ್ರು? ನನ್ನ ಮಾತಿಗೋ?"

"ನಾ ಕೇಳ್ಲಿಲ್ಲ. ಕೇಳಿದ್ರ ತಿರಗಿ ಇಸ್ಕೊಂಡ್ರ?" ಎಂದ. "ಎಲ್ಲಾ ಪೇಪರ್ ಬರದೆ. ಕಡೀ ಪೇಪರ್ ಮುಗಿದ ಮಧ್ಯಾಹ್ನನೇ ಪುಣಾ ಗಾಡಿ ಹತ್ತೀನಿ. ಅಪ್ಪಗ ಅಲ್ಲಿ ಬಿದ್ದು ಕಾಲು ಮುರದಿತ್ತು, ಮನಿಗಿ ಕೂಲಿ ಬೇಕಿತ್ತು. ರಿಸಲ್ಟ್ ಬಂದಾಗ ನಾ ಅಲ್ಲೇ ಇದ್ದೆ."

ಅಂದರೆ ಭಾಲ್ಕಿಯವರೂ ಔರಾದವರೂ ಅರ್ಧರ್ಧ ಹಿಡಿದುಕೊಂಡು ಇಷ್ಟು ವರ್ಷ ಜಗಳವಾಡಿದ್ದರು. ಇದನ್ನು ಅವನಿಗೆ ಹೇಳಿದೆ. ಅವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಲಾರಿ ಬಂದಿತ್ತು, ಮಾಲು ಇಳಿಸಬೇಕಿತ್ತು, ಎದ್ದು ಹೋದ.

ಅವನ ಮಾತನ್ನು ನಾನು ನಂಬಿದೆ. ಆದರೂ ನನ್ನ ಮಾತನ್ನು ನಂಬಿ ತನ್ನ ನೆನಪನ್ನು ಕಟ್ಟಿಕೊಂಡವನ ಮಾತು ಅದು. ಆದ್ದರಿಂದ ಅಂದು ಬಿ.ಎ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗಿದ್ದ, ಈಗ ನಿವೃತ್ತರಾಗಿರುವ ಮೇಡಂ ಒಬ್ಬರ ಮನೆಗೆ ಹೋಗಿ ಕೇಳಿದೆ. ಬಸ್ಸಿನ ಮುಂದೆ ನಿಂತ ಹುಡುಗನೆಂದು ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದುದರಿಂದ ಅವನು ಎಲ್ಲ ಪತ್ರಿಕೆ ಬರೆದದ್ದು ತಮಗೆ ಚೆನ್ನಾಗಿ ನೆನಪಿದೆ ಎಂದರು. ಅದೂ ನೆನಪೇ ಎಂದು ಕಾಲೇಜಿನ ಕಚೇರಿಗೂ ಹೋದೆ, ಅಲ್ಲಿಯ ಹಳೆಯ ರಿಜಿಸ್ಟರಿನಲ್ಲೂ ಅದೇ ಉತ್ತರ ಸಿಕ್ಕಿತು. ಉಳಿದದ್ದು ಹೇಗಾದರೂ ಇರಲಿ: ಅವನು ಆ ವರ್ಷವೇ ಪರೀಕ್ಷೆಗೆ ಕೂತಿದ್ದ, ಒಂದೂ ಪತ್ರಿಕೆ ಬಿಡದೆ ಬರೆದಿದ್ದ, ಪಾಸಾಗಿದ್ದ.